ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ

ಒಬ್ಬರು ಬಾದಾಮಿ ಕಡೆಯವರು. ಪೀಣ್ಯದ ಗಾರ್ಮೆಂಟ್ಸ್ ಲೈನಿನಲ್ಲಿ ಶರ್ಟಿಗೆ ಕಾಲರ್ ಕೂರಿಸುವ ಆಪರೇಟರ್. ಇನ್ನೊಬ್ಬಳು ತಿಪಟೂರಿನ ಹುಡುಗಿ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ, ಬಿಡುವಿನಲ್ಲಿ ಕ್ವಿಲ್ಟಿಂಗ್. ರಾಜಗೋಪಾಲನಗರದ ಒಂದು ಟೆರೇಸಿನ ಮೇಲೆ ಭಾನುವಾರ ಇಬ್ಬರೂ ಕೂತು ಕೌದಿ ಹಾಕುವಾಗ ನಡೆದ ಮಾತು ಇದು. ಕೆಲಸಕ್ಕೆ ಸಂಬಂಧಪಟ್ಟದ್ದನ್ನಷ್ಟೇ ಇಲ್ಲಿ ಉಳಿಸಿಕೊಂಡಿದ್ದೇನೆ. ಕೌದಿಯ ವಿಷಯ ಬಂದಾಗ ನಾವು ಅಜ್ಜಿಯ ಪ್ರೀತಿಯ ಬಗ್ಗೆ ಬೇಕಾದಷ್ಟು ಹೇಳುತ್ತೇವೆ, ಅಜ್ಜಿ ಹಾಕಿದ ಹೊಲಿಗೆಯ ಬಗ್ಗೆ ಹೇಳುವುದು ಕಡಿಮೆ.

— ಈ ಚೀಲ ಎಲ್ಲಿಂದ ತಂದ್ರಿ ಅಕ್ಕಾ? ಫ್ಯಾಕ್ಟರಿಯಿಂದ ಒಂದು ದಾರ ಕೂಡ ಹೊರಗೆ ತರೋಕೆ ಬಿಡಲ್ಲ ಅಂತ ಕೇಳಿದ್ದೆ.

— ಬಿಡೂದಿಲ್ಲ. ಗೇಟಿನಾಗ ಚೆಕಿಂಗ್ ಇರತೈತಿ. ಇದು ವೇಸ್ಟಿನ ಗೋಡೌನಿಂದ ತೂಕಕ್ಕ ತಂದದ್ದು. ಕಟಿಂಗ್ ಟೇಬಲ್ ಮ್ಯಾಲ ಅರಿವಿ ಥರ ಥರ ಹಾಸಿ ಕೊಯ್ತಾರಲ್ಲ, ತೋಳು, ಬೆನ್ನು, ಕಾಲರ್ ತಗದ ಮ್ಯಾಲ ಸಂದಿಯೊಳಗ ಉಳಿದ ತುಂಡು ಇವು. ಮೂಟಿ ಕಟ್ಟಿ ಗುತ್ತಿಗಿ ಹಿಡದವರು ಒಯ್ತಾರ. ಬನಿಯನ್ ಅರಿವಿ ಇದ್ರ ಅದನ್ನ ಬ್ಯಾರೆ ಮಾಡಿ ವರ್ಕ್‌ಶಾಪಿಗೆ ಕೊಡತಾರ. ಪೀಣ್ಯದಾಗ ಯಾವ ಲೇತ್ ಮಷಿನ್ ಹತ್ರ ಹೋಗಿ ನೋಡು, ಆಯಿಲ್ ಒರಸಾಕ ಅದ ಬಿದ್ದಿರತೈತಿ. ಶರ್ಟಿನ ತುಂಡು ಆರಿಸಿ ತಗೊಂಡ್ರ ನಮಗ ಕೌದಿಗೆ ಬರತಾವ.

— ಬನಿಯನ್ ಬಟ್ಟೆ ಮೆತ್ತಗಿರತ್ತಲ್ವಾ? ಅದೇ ಚೆನ್ನಾಗಿರಲ್ವಾ?

— ಮೆತ್ತಗ ಇರತೈತಿ, ಖರೆ. ಆದ್ರ ಅದು ನೇಯ್ದದ್ದಲ್ಲ, ಹೆಣದದ್ದು. ಎಳದ್ರ ಹಿಗ್ಗತೈತಿ. ಇದು ಹಿಗ್ಗಿ ಬಾಜೂದ ತುಂಡು ಹಿಗ್ಗಲಿಲ್ಲ ಅಂದ್ರ ಕೌದಿ ಸೊಟ್ಟ ಆಗತೈತಿ. ಒಗದ ಮ್ಯಾಲ ಇನ್ನೂ ಸೊಟ್ಟ.

— ನಮ್ಮ ಕಡೆ ಎಲ್ಲರ ಮನೆಯಲ್ಲೂ ಕಂಪನಿ ಟೀ ಶರ್ಟಿನ ರಾಶಿ ಇರತ್ತೆ ಅಕ್ಕಾ. ಒಂದು ಪ್ರಾಜೆಕ್ಟ್ ಮುಗಿದರೆ ಒಂದು ಟೀ ಶರ್ಟು, ಒಂದು ಮ್ಯಾರಥಾನ್ ಓಡಿದರೆ ಇನ್ನೊಂದು. ಅದನ್ನೇ ಚೌಕ ಮಾಡಿ ಕ್ವಿಲ್ಟ್ ಹಾಕಬೇಕು ಅಂತ ಗೆಳತಿಯರು ಕೇಳ್ತಾ ಇರ್ತಾರೆ.

— ಹಾಕಬಹುದು. ಮೊದಲ ಹಿಂದ ಫ್ಯೂಸಿಂಗ್ ಹಚ್ಚಿ ಇಸ್ತ್ರಿ ಒತ್ತಬೇಕ. ನಾವು ಕಾಲರಿನೊಳಗ ಹಚ್ಚತೀವಲ್ಲ, ಒಂದ ಬಾಜೂ ಅಂಟು ಇರೂ ಅರಿವಿ, ಅದ. ತೆಳುವಂದು ತಗೋ, ದಪ್ಪಂದು ಹಚ್ಚಿದ್ರ ರಟ್ಟಿನಂಗ ಆಗತೈತಿ. ಫ್ಯೂಸಿಂಗ್ ಹಚ್ಚಿದ ಮ್ಯಾಲನ ಚೌಕ ಕತ್ತರಸು. ಮೊದಲ ಕತ್ತರಿಸಿ ಆಮ್ಯಾಲ ಹಚ್ಚಿದ್ರ ಚೌಕ ಚೌಕ ಉಳಿಯೂದಿಲ್ಲ, ತುದಿ ಸುರುಳಿ ಸುತ್ತಿಬಿಡತೈತಿ.

— ಮತ್ತೆ ಈ ಶರ್ಟಿನ ತುಂಡಲ್ಲಿ ಯಾವುದು ಹತ್ತಿ, ಯಾವುದು ಪಾಲಿಯೆಸ್ಟರ್ ಅಂತ ಹೇಗೆ ಗೊತ್ತಾಗತ್ತೆ? ಮುಟ್ಟಿದರೆ ಎಲ್ಲಾ ಒಂದೇ ಥರ ಇದೆ.

— ಕೈ ಒಮ್ಮೊಮ್ಮೆ ಮೋಸ ಹೋಗತೈತಿ. ಒಂದೆಳಿ ಜಗ್ಗಿ ತಗಿ, ಕಡ್ಡಿ ಗೀರಿ ಸುಡು. ಹತ್ತಿ ಇದ್ರ ಕಾಗದ ಸುಟ್ಟಂಗ ವಾಸನಿ, ಬೂದಿ ಮುಟ್ಟಿದ್ರ ಪುಡಿಪುಡಿ. ಪಾಲಿಯೆಸ್ಟರ್ ಕರಗಿ ಕರಿ ಗುಂಡ ಆಗತೈತಿ, ಆರಿದ ಮ್ಯಾಲ ಉಗುರಿಲೆ ಒಡಿಯಾಕ ಬರೂದಿಲ್ಲ. ಎರಡೂ ಕೂಡಿದ್ದಿದ್ರ ಸುಡತೈತಿ, ತುದಿಗೆ ಗಟ್ಟಿನೂ ಆಗತೈತಿ. ಹಾಸೂ ಕೌದಿಗೆ ಕೂಡಿದ್ದು ನಡೀತೈತಿ. ಹೊದಿಯೂದಕ್ಕ ಹತ್ತಿನ ಬೇಕು, ಬೆವರು ಹೀರಬೇಕಲ್ಲ. ನೀ ಮೊನ್ನೆ ಬಿಸಿ ಪಾತೇಲಿ ಹಿಡಿಯೂ ಅರಿವಿ ಹೊಲಿತೀನಿ ಅಂದಿದ್ದೆಲ್ಲ, ಅದರಾಗಂತೂ ಪಾಲಿಯೆಸ್ಟರಿನ ಒಂದ ತುಂಡೂ ಇರಬಾರದು. ಕರಗಿ ಕೈಗೆ ಹತ್ತತೈತಿ.

— ಮಧ್ಯದ ಪದರಕ್ಕೂ ಪಾಲಿಯೆಸ್ಟರ್ ಹತ್ತಿ ಹಾಕಬಾರದು ಹಾಗಾದರೆ.

— ಒಟ್ಟ ಹಾಕಬ್ಯಾಡ. ಹಳೇ ಅಂಗಿ, ಹಳೇ ಧೋತರ ಎರಡ ಮೂರ ಪದರ ಹಾಕು. ಬಿಸಿ ತಡಿಯೂ ಅರಿವಿಗೆ ಅದ ಚಲೋ. ಆದ್ರ ಒದ್ದಿ ಆದಾಗ ಅದರಿಂದ ಪಾತೇಲಿ ಹಿಡಿಬಾರದು. ನೀರು ಬಿಸಿ ಎಳಕೊಂಡು ಕೈ ಸುಡತೈತಿ.

— ಬಣ್ಣ ಬಿಡೋದಕ್ಕೆ ಏನು ಮಾಡ್ತೀರ? ಉಪ್ಪು ನೀರಲ್ಲಿ ನೆನೆಸಿ ಅಂತಾರೆ.

— ನಮ್ಮವ್ವನೂ ಹಂಗ ಅಂತಿದ್ಲು.

— ಅದು ನಾನು ಓದಿ ತಿಳಿದುಕೊಂಡೆ ಅಕ್ಕಾ. ಬಣ್ಣ ಹಾಕೋ ಹೊತ್ತಿನಲ್ಲಿ ಉಪ್ಪಿಗೆ ಕೆಲಸ ಇದೆ. ನೀರಿನಲ್ಲಿರೋ ಬಣ್ಣವನ್ನ ಹತ್ತಿಯ ಎಳೆ ಕಡೆಗೆ ದೂಡತ್ತೆ. ಬಣ್ಣ ಹಾಕಿ ಮುಗಿದು ಅಂಗಡಿಗೆ ಬಂದ ಬಟ್ಟೆಗೆ ಮನೆಯಲ್ಲಿ ಉಪ್ಪು ಹಾಕಿದರೆ ಬಣ್ಣ ಗಟ್ಟಿಯಾಗಲ್ಲ. ಹಿಡಿಯದೇ ಉಳಿದ ಬಣ್ಣ ಹೋಗೋವರೆಗೆ ಒಗೆಯೋದೊಂದೇ ದಾರಿ. ಬಿಳಿ ಬಟ್ಟೆ ಒದ್ದೆ ಮಾಡಿ ತುಂಡಿನ ಮೇಲೆ ಉಜ್ಜಿ ನೋಡ್ತೀನಿ. ಕಲೆ ಹತ್ತಿದರೆ ಇನ್ನೊಂದು ಸಲ ಒಗೆಯೋದು. ಆಮೇಲೂ ಹತ್ತಿದರೆ ಆ ತುಂಡು ಬೇಡವೇ ಬೇಡ.

— ಅದು ಬರೋಬ್ಬರಿ. ಕೆಂಪು, ಕರೀದು, ನೀಲಿ ಎಷ್ಟ ಚೆಂದ ಇದ್ರೂ ಪರೀಕ್ಷಾ ಮಾಡದ ಬಿಳೀದರ ಬಾಜೂ ಇಡಬಾರದು. ಹೊಸ ಹತ್ತಿ ಕುಗ್ಗತೈತಿ, ಅದಕ್ಕೂ ಮೊದಲ ಒಗೀಬೇಕ. ಹಳೇ ಸೀರಿದು ಆ ಚಿಂತಿ ಇಲ್ಲ. ಇದು ನಮ್ಮಜ್ಜಿ ಉಟ್ಟ ಇಳಕಲ್ ಸೀರಿ, ಹತ್ತೀದು. ಕುಗ್ಗೂದೆಲ್ಲಾ ಕುಗ್ಗಿ, ಬಿಡೂ ಬಣ್ಣ ಎಲ್ಲಾ ಬಿಟ್ಟು ಮುಗದೈತಿ. ಕೌದಿಗೆ ಹಳೇ ಅರಿವಿ ಯಾಕಂದ್ರ ಬಡತನಕ್ಕ ಅಂತ ಎಲ್ಲಾರೂ ತಿಳಕೊಂಡಾರ. ಬಡತನ ಇತ್ತು, ಇಲ್ಲ ಅನ್ನೂದಿಲ್ಲ. ಆದ್ರ ಸೂಜಿ ಸರಳ ಇಳಿಯೂದು ಹಳೇ ಅರಿವಿಯೊಳಗ. ಹೊಸ ಕೋರಾ ಬಟ್ಟಿ ನಾಕ ಪದರ ಇಟ್ಟು ಕೈಲೆ ಹೊಲದು ನೋಡು, ಸಂಜಿಗೆ ಬಟ್ಟಿನ ತುದಿ ಮುಟ್ಟಾಕ ಬರೂದಿಲ್ಲ.

ಇಷ್ಟು ಹೇಳಿ ಅವರು ಚೀಲವನ್ನು ಬೋರಲು ಹಾಕಿ ತುಂಡುಗಳನ್ನು ವಿಂಗಡಿಸಲು ಶುರು ಮಾಡಿದರು. ಬಣ್ಣಕ್ಕೆ ತಕ್ಕಂತೆ ಅಲ್ಲ. ಪ್ರತಿ ತುಂಡನ್ನೂ ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಓರೆಯಾಗಿ ಒಮ್ಮೆ ಎಳೆದು ನೋಡುತ್ತಿದ್ದರು. ಉದ್ದಕ್ಕೆ ಎಳೆದಾಗ ಜಗ್ಗದ ಬಟ್ಟೆ ಓರೆಯಾಗಿ ಎಳೆದಾಗ ಬೆರಳಗಲ ಹಿಗ್ಗುತ್ತಿತ್ತು. ಹಾಸಿನ ಗೆರೆಗೆ ನೇರವಾಗಿ ಕತ್ತರಿಸಿದ್ದು ಒಂದು ಗುಡ್ಡೆ, ಓರೆಯಾಗಿ ಕತ್ತರಿಸಿದ್ದು ಇನ್ನೊಂದು.

— ಈ ಓರೆ ಗುಡ್ಡೆ ಬಿಸಾಕೋದಾ?

— ಬ್ಯಾಡ ಬ್ಯಾಡ. ಕ್ರಾಸ್ ಪಟ್ಟಿ ಮಾಡಾಕ ಬೇಕು. ಗುಂಡಗಿನ ಅಂಚಿಗೆ, ಕುಂಚಿಗಿ ಕೊರಳಿಗೆ ಕ್ರಾಸ್ ಪಟ್ಟಿನ ಬಾಗತೈತಿ, ನೇರ ಪಟ್ಟಿ ಬಾಗೂದಿಲ್ಲ. ನೇರ ಅಂಚಿಗೆ ಮಾತ್ರ ಕ್ರಾಸ್ ಹಚ್ಚಿ ಅರಿವಿ ಹಾಳ ಮಾಡಬಾರದು.

— ನಾವು ತ್ರಿಕೋನದ ಚೌಕ ಮಾಡುವಾಗಲೂ ಇದೇ ತೊಂದರೆ. ತ್ರಿಕೋನ ಕತ್ತರಿಸಿದ ಕೂಡಲೇ ಅದರ ಉದ್ದನೆಯ ಬದಿ ಓರೆ ಎಳೆ ಮೇಲೆ ಬರತ್ತೆ, ಕೈಯಲ್ಲಿ ಹಿಡಿದರೇ ಹಿಗ್ಗತ್ತೆ. ಅದಕ್ಕೇ ನಾನು ತ್ರಿಕೋನ ಕತ್ತರಿಸೋದೇ ಇಲ್ಲ. 4 ಇಂಚಿನ ಚೌಕ ಬೇಕು ಅಂದರೆ ಎರಡು ಬಣ್ಣದಲ್ಲಿ 5 ಇಂಚಿನ ಎರಡು ಚೌಕ ತಗೊಂಡು ಮುಖಕ್ಕೆ ಮುಖ ಇಡ್ತೀನಿ. ಹಿಂದೆ ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ. ಗೆರೆಯ ಎರಡೂ ಪಕ್ಕ ಕಾಲಿಂಚು ಬಿಟ್ಟು ಒಂದೊಂದು ಹೊಲಿಗೆ. ಆಮೇಲೆ ಗೆರೆ ಮೇಲೆ ಕತ್ತರಿ. ಬಿಡಿಸಿದರೆ ಎರಡೂ ಬಣ್ಣ ಇರೋ ಎರಡು ಚೌಕ ಬಂದಿರತ್ತೆ. ಇಸ್ತ್ರಿ ಒತ್ತಿ, ನಾಲ್ಕೂವರೆ ಇಂಚಿಗೆ ಸುತ್ತ ಸಮ ಮಾಡಿದರೆ ಆಯಿತು. ಉಳಿದ ಅರ್ಧ ಇಂಚು ಜೋಡಣೆಗೆ ಹೋಗತ್ತೆ.

— ಭಾಳ ಚಲೋ ಐತಿ ಇದು. ಹೊಲಿಗಿ ಮೊದಲ, ಕತ್ತರಿ ಆಮ್ಯಾಲ. ಮತ್ತ ಒಂದೊಂದ ಚೌಕ ಹೊಲದು ದಾರ ಕತ್ತರಸಬ್ಯಾಡ. ಒಂದು ಮುಗದ ಕೂಡಲೆ ಮುಂದಿಂದು ಪಾದದ ಕೆಳಗ ಕೊಟ್ಟಬಿಡು, ತೋರಣ ಬಂದಂಗ ಬರಲಿ. ಲೈನಿನಾಗ ಬಂಡಲ್ ಬಂದ್ರ ನಾವು ಹಂಗ ಹೊಲಿಯೂದು. ದಾರ ಉಳೀತೈತಿ, ಟೈಮೂ ಉಳೀತೈತಿ. ಎಲ್ಲಾ ಮುಗದ ಮ್ಯಾಲ ಕತ್ತರಿ ತಗೊಂಡು ಕೂಡು.

— ಕಾಲಿಂಚು ಸರಿಯಾಗಿ ಬರೋದೇ ಕಷ್ಟ. ಮನೆ ಮಷಿನ್ನಲ್ಲಿ ಗುರುತು ಇರಲ್ಲ. ಒಂದು ಸಾಲಲ್ಲಿ 16 ಚೌಕ ಇದ್ದರೆ 15 ಜೋಡಣೆ. ಪ್ರತಿ ಜೋಡಣೆಯಲ್ಲೂ ಇಂಚಿನ 16ನೇ ಒಂದು ಭಾಗ ಜಾಸ್ತಿ ಹಿಡಿದರೆ ಎರಡು ಬಟ್ಟೆ ಸೇರಿ 8ನೇ ಒಂದು ಭಾಗ ಆಯಿತು. ಸಾಲಿನ ಕೊನೆಗೆ ಹತ್ತಿರ ಹತ್ತಿರ 2 ಇಂಚು ಮಾಯ. ಪಕ್ಕದ ಸಾಲಿಗೆ ಅದು ಕೂರೋದೇ ಇಲ್ಲ.

— ಕಣ್ಣಿಲೆ ಹಿಡಿಯಾಕ ಹೋಗಬ್ಯಾಡ. ನಿರುಪಯೋಗಿ ಆದ ಎಟಿಎಂ ಕಾರ್ಡಿಂದು ಒಂದ ಪಟ್ಟಿ ಕತ್ತರಸು. ಸೂಜಿ ಮೊನಿಯಿಂದ ಬರೋಬ್ಬರಿ ಕಾಲಿಂಚು ಅಳದು, ಮಷಿನ್ ಪ್ಲೇಟಿನ ಮ್ಯಾಲ ಟೇಪಿಲೆ ಅಂಟಿಸಿಬಿಡು. ಅರಿವಿ ಅಂಚು ಅದಕ್ಕ ತಾಗಿಸಿಕೊಂಡ ಹೋಗಬೇಕ ಅಷ್ಟ. ನಮ್ಮಲ್ಲೆ ಪ್ರತಿ ಆಪರೇಶನ್ನಿಗೂ ಒಂದೊಂದು ಗೈಡ್ ಕೂಡಿಸಿರತಾರ. ಅದಕ್ಕನ ಸಾವಿರ ಕಾಲರ್ ಒಂದ ಅಳತಿ ಬರೂದು. ಚೌಕ ಕತ್ತರಸೂ ಅಚ್ಚು ಹೆಂಗ ಮಾಡಿ?

— ಮೊದಲು ಹಳೆ ಎಕ್ಸ್-ರೇ ಹಾಳೆ ಕತ್ತರಿಸಿಕೊಳ್ತಿದ್ದೆ. ಆರ್‌ಪಾರ್ ಕಾಣತ್ತೆ, ಚೆಕ್ಸ್ ಬಟ್ಟೆಯ ಗೆರೆ ಹೊಂದಿಸಬಹುದು. ಆದರೆ ಚಾಕ್ ಎಳೆದೂ ಎಳೆದೂ ಅಂಚು ಸವೆಯತ್ತೆ. ಈಗ ಇಲ್ಲೇ ಪೀಣ್ಯ ಎರಡನೇ ಹಂತದ ಲೇಸರ್ ಕಟಿಂಗ್ ಅಂಗಡಿಯಲ್ಲಿ ಅಕ್ರಿಲಿಕ್ ಹಾಳೆಯಲ್ಲಿ ಕುಯ್ಯಿಸಿದೆ. ಕಾಲಿಂಚಿನ ಗೆರೆ ಒಳಗೆ ಕೊರೆದೂ ಕೊಟ್ಟರು.

— ಹಂಗಂದ್ರ ಪೀಣ್ಯಕ್ಕ ಬಂದದ್ದು ಸಾರ್ಥಕ ಆತು.

ಇದಾದ ಮೇಲೆ ಮಾತು ಬಂದದ್ದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಜಾಗಕ್ಕೆ. ಹಾಸಿದ ಸೀರೆಯ ಒಂದು ಮೂಲೆಯಲ್ಲಿ ಕೂತು ಅವರು ಮೊದಲ ತುಂಡು ಇಟ್ಟಿದ್ದರು.

— ಅಕ್ಕಾ, ನಾನು ಕಲಿತಿರೋದೆಲ್ಲ ಇದಕ್ಕೆ ಉಲ್ಟಾ. ಪದರ ಹಾಸಿ ನಡುವಿನಿಂದ ಹೊರಗೆ ಹೊಲಿಯಬೇಕು ಅಂತ ಹೇಳಿಕೊಟ್ಟಿದ್ದಾರೆ. ನೀವು ಅಂಚಿನಿಂದ ಶುರು ಮಾಡಿದ್ರಿ. ನಡುವೆ ಸುಕ್ಕು ಬರಲ್ವಾ?

— ನಿಂದು ಮ್ಯಾಲಿನ ಅರಿವಿ ಹೆಂಗ ಬರತೈತಿ ಹೇಳು.

— ಚೌಕ ಎಲ್ಲಾ ಜೋಡಿಸಿ, ಇಸ್ತ್ರಿ ಮಾಡಿ, ಪೂರ್ತಿ ಒಂದು ಹಾಳೆ ಆಗಿರತ್ತೆ. ಅದರ ಕೆಳಗೆ ಹತ್ತಿ, ಅದರ ಕೆಳಗೆ ಹಿಂಬದಿ ಬಟ್ಟೆ.

— ಅಲ್ಲೆ ಐತಿ ನೋಡು ಫರಕು. ನಿಂದು ಮೊದಲ ತಯಾರಾಗಿ ಬಂದೈತಿ. ಅದರಾಗ ಎಲ್ಲೆರ ಸಡಲ ಇದ್ರ ಅದನ್ನ ಹೊರಗ ದಬ್ಬಿಕೋಂತ ಹೋಗಬೇಕ. ನೀ ಅಂಚಿಂದ ಒಳಗ ಬಂದಿ ಅಂದ್ರ ಸಡಲೆಲ್ಲಾ ನಡುವ ಬಂದು ಉಬ್ಬಿ ನಿಲ್ಲತೈತಿ, ಹೋಗಾಕ ಅದಕ್ಕ ದಾರಿ ಇಲ್ಲ. ಅದಕ್ಕ ನಿನಗ ಹಂಗ ಹೇಳಿಕೊಟ್ಟದ್ದು ಬರೋಬ್ಬರಿನ ಐತಿ. ನಂದು ಬ್ಯಾರೆ. ಕೆಳಗ ಸೀರಿ, ಅದರ ಮ್ಯಾಲ ಎರಡ ಪದರ ಧೋತರ, ಇಷ್ಟಕ್ಕ ದೊಡ್ಡ ದೊಡ್ಡ ಟಾಕಿ ಹಾಕೀನಿ. ಮ್ಯಾಲಿನ ಅರಿವಿ ಇನ್ನೂ ಹುಟ್ಟೇ ಇಲ್ಲ. ಒಂದ ತುಂಡು ಇಡತೀನಿ, ಅಂಚು ಒಳಗ ಮಡಚತೀನಿ, ಎಲ್ಲಾ ಪದರ ಹಿಡದು ಹೊಲಿತೀನಿ. ಮುಂದಿನ ತುಂಡು ಅದರ ಮಗ್ಗಲಿಗೆ ಒಂದ ಬಟ್ಟ ಏರಿಸಿ ಇಡತೀನಿ. ತುಂಡು ಜೋಡಿಸೂದೂ ಪದರ ಹಿಡಿಯೂದೂ ಒಂದ ಹೊಲಿಗಿ. ಸಡಲ ಕಂಡ್ರ ಮುಂದಿನ ತುಂಡಿನ ಮಡಿಕಿಯೊಳಗ ಅದನ್ನ ಹಿಡದಬಿಡತೀನಿ. ನಾಕೂ ಅಂಚು ಮೊದಲ ಗಟ್ಟಿ ಆದ್ರ ಕೌದಿ ಅಳತಿ ತಪ್ಪೂದಿಲ್ಲ. ಸುತ್ತ ಸುತ್ತ ಬಂದು ಕಡೀಕ ನಡುವಿನ ತುಂಡು. ಎಲ್ಲಾ ಊರಾಗ ಹಿಂಗ ಮಾಡತಾರ ಅಂತ ನಾ ಹೇಳೂದಿಲ್ಲ. ಉದ್ದಕ ಸಾಲು ಹೊಡಿಯೂವರೂ ಅದಾರ.

— ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯೋದೂ ಹೀಗೇ! ಅವರ ಕೌದಿಗೆ ಕವಂದಿ ಅಂತಾರೆ, ಅದೂ ಮೂಲೆಯಿಂದ ಶುರುವಾಗಿ ಸುತ್ತ ಬಂದು ನಡುವೆ ಮುಗಿಯತ್ತೆ. ನಾಲ್ಕು ಮೂಲೆಗೂ ಬಣ್ಣ ಬಣ್ಣದ ಬಟ್ಟೆಯನ್ನ ತ್ರಿಕೋನ ಮಡಚಿ ಒಂದರ ಮೇಲೊಂದು ಇಟ್ಟು ಹೂವು ಮಾಡ್ತಾರೆ, ‘ಫುಲ’ ಅಂತಾರೆ. ಫುಲ ಇಲ್ಲದ ಕವಂದಿ ಬೆತ್ತಲೆ ಅನ್ನೋದು ಅವರ ಲೆಕ್ಕ. ಕ್ರೈಸ್ತ ಸಿದ್ದಿಯರ ಕವಂದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರ ಕಾಣಿಸೋದುಂಟು. ಹೆನ್ರಿ ಡ್ರೂವಲ್ ಅನ್ನೋ ಅಮೆರಿಕದ ಕಲಾ ಇತಿಹಾಸಕಾರರು ಇದನ್ನ ವರ್ಷಗಟ್ಟಲೆ ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಸೆಂಟರಿನಲ್ಲಿ ಸಿದ್ದಿ ಹೆಂಗಸರ ಕವಂದಿಗಳ ಪ್ರದರ್ಶನ ಆಯಿತು.

— ನ್ಯೂಯಾರ್ಕಿನಾಗ?

— ಹೂಂ. ನನಗೆ ಬೇಜಾರಾಗೋದು ಏನಂದರೆ, ಹೊರದೇಶದವರು ಬರೆದ ಕ್ವಿಲ್ಟಿಂಗ್ ಪುಸ್ತಕ ಓದಿ ನಾನು ಸಾವಿರಾರು ಮೈಲಿ ಆಚೆಯ ಹೊಲಿಗೆ ಕಲಿತೆ. ಯಲ್ಲಾಪುರದ್ದು ಗೊತ್ತಾಗಿದ್ದೂ ಹೊರದೇಶದವರೇ ಬರೆದದ್ದು ಓದಿದ ಮೇಲೆ. ನಮ್ಮಲ್ಲೇ ಒಂದು ಕೈಪಿಡಿ ಇದ್ದಿದ್ದರೆ, ಯಾವ ಪದರ ಮೊದಲು, ಯಾವ ತುಂಡು ಎಷ್ಟು ಏರಿಸಬೇಕು ಅಂತ ಚಿತ್ರ ಸಮೇತ...

— ಬರಿ ಹಂಗಾದ್ರ. ನಾ ಹೊಲದು ತೋರಸತೀನಿ, ನೀ ಬರಿ. ಈಗ ಸೂಜಿ ತಗೋ.

ದಾರದ ಉದ್ದ ಅವರು ಮೊಳಕೈಯಿಂದ ಬೆರಳ ತುದಿಯವರೆಗೆ ಅಳೆದು ಕತ್ತರಿಸಿದರು. ಮೇಣದಬತ್ತಿಯ ತುಂಡಿನ ಮೇಲೆ ದಾರವನ್ನು ಒತ್ತಿ ಹಿಡಿದು ಒಮ್ಮೆ ಎಳೆದರು. ಹೊಲಿಯುವಾಗ ಅವರ ಬಲಗೈ ಹೆಚ್ಚು ಅಲುಗುವುದೇ ಇಲ್ಲ. ಸೂಜಿ ಒಂದೇ ಕಡೆ ನಿಂತಿರುತ್ತದೆ. ಬಟ್ಟೆಯ ಅಡಿಯಲ್ಲಿರುವ ಎಡಗೈ ಪದರಗಳನ್ನು ಅದರ ಮೊನೆಯ ಮೇಲೆ ಏರಿಸಿ ಇಳಿಸುತ್ತದೆ. ನಾಲ್ಕೈದು ಹೊಲಿಗೆ ಸೂಜಿಯ ಮೇಲೆ ಕೂಡಿದ ಮೇಲೆ ಒಮ್ಮೆಗೇ ಎಳೆಯುತ್ತಾರೆ. ಎಡಗೈಯ ನಡುಬೆರಳಿಗೆ ಸೂಜಿ ಪ್ರತಿ ಸಲವೂ ತಾಗಬೇಕು, ತಾಗಿದರೆ ಮಾತ್ರ ಕೆಳಗಿನ ಸೀರೆಯನ್ನೂ ದಾರ ಹಿಡಿದಿದೆ ಎಂದು ಗೊತ್ತಾಗುವುದು. ಆ ಬೆರಳಿಗೆ ಅವರು ಬ್ಯಾಂಡೇಜ್ ಪಟ್ಟಿ ಸುತ್ತಿಕೊಂಡಿದ್ದರು.

— ದಾರ ಇನ್ನೂ ಉದ್ದ ತಗೊಂಡರೆ ಮತ್ತೆ ಮತ್ತೆ ಗಂಟು ಹಾಕೋದು ತಪ್ಪತ್ತಲ್ವಾ?

— ಗಂಟು ತಪ್ಪತೈತಿ, ಗೋಜಲಾಗೂದು ತಪ್ಪೂದಿಲ್ಲ. ಉದ್ದ ದಾರ ಅಷ್ಟ ಸಲ ಅರಿವಿಯೊಳಗ ಹಾದು ಬರತೈತಿ, ತುದಿಗೆ ಬರೂದರಾಗ ಸವದು ಹೋಗಿರತೈತಿ. ಗಂಟು ಮ್ಯಾಲ ಕಾಣಬಾರದು. ಸೂಜಿ ಹೊಲಿಗಿ ಜಾಗದಿಂದ ಒಂದ ಇಂಚು ದೂರ ಇಳಸು, ನಡುವಿನ ಪದರದಾಗ ಹಾಯಿಸಿ ಮ್ಯಾಲ ತಗಿ, ಮೆಲ್ಲಕ ಜಗ್ಗು. ಟಕ್ ಅಂತ ಗಂಟು ಒಳಗ ಹೋಗತೈತಿ. ಆತೇನು?

— ಆಯಿತು! ಒಳಗೆ ಹೋಯಿತು. ಸಾಲಿನ ನಡುವೆ ಎಷ್ಟು ಅಂತರ ಬಿಡಬೇಕು?

— ಒಂದ ಬಟ್ಟ. ಅರ್ಧ ಇಂಚು ಅನ್ನು. ಒತ್ತಾಗಿ ಹೊಲದ್ರನ ನಡುವಿನ ಧೋತರ ಒಗದಾಗ ಮುದ್ದಿ ಆಗೂದಿಲ್ಲ. ಹೊಲಿಗಿ ನಡುವ ಅರಿವಿ ಸಣ್ಣಗ ಉಬ್ಬತೈತಿ ನೋಡು, ಅದರಾಗ ಗಾಳಿ ನಿಂತು ಬೆಚ್ಚಗ ಆಗೂದು. ಮ್ಯಾಲಿನ ತುಂಡು ಹರದ್ರ ಅದರ ಮ್ಯಾಲ ತ್ಯಾಪಿ ಹಚ್ಚಬಹುದು. ಹೊಲಿಗಿ ವಿರಳ ಇದ್ರ ಏನೂ ಮಾಡಾಕ ಬರೂದಿಲ್ಲ, ಇಡೀ ಕೌದಿ ಬಿಚ್ಚಬೇಕ.

— ಇದನ್ನೇ ಮಷಿನ್ನಲ್ಲಿ ಹೊಡೆದರೆ? ಮೊನ್ನೆ ಗೆಳತಿಯೊಬ್ಬಳದು ಮೇಲಿನ ಬಟ್ಟೆ ಮುಂದಕ್ಕೆ ದೂಡಿಕೊಂಡು ಹೋಗಿ ಕೊನೆಯಲ್ಲಿ ಮಡಿಕೆ ಬಿದ್ದಿತ್ತು.

— ಮಷಿನ್ ಹಲ್ಲು ಕೆಳಗಿನ ಪದರ ಎಳೀತಾವ, ಮ್ಯಾಲಿನ ಪಾದ ಒತ್ತಿ ಹಿಡದಿರತೈತಿ. ಕೆಳಗಿಂದು ಓಡತೈತಿ, ಮ್ಯಾಲಿಂದು ಹಿಂದ ಉಳೀತೈತಿ. ವಾಕಿಂಗ್ ಫೂಟ್ ಅಂತ ಸಿಗತೈತಿ, ಅದು ಮ್ಯಾಲಿನ ಅರಿವೀನೂ ಹೆಜ್ಜಿ ಹೆಜ್ಜಿ ಮುಂದ ತರತೈತಿ. ಇಲ್ಲಂದ್ರ ಪಾದದ ಒತ್ತಡ ಕಡಿಮಿ ಮಾಡು. ಇಂಚಿಗೆ ಹನ್ನೆರಡು ಹೊಲಿಗಿ ಇದ್ದದ್ದನ್ನ ಎಂಟಕ್ಕ ಇಳಸು. ಸೂಜಿ 14 ನಂಬರ್ ಹಾಕು, ಜೀನ್ಸ್ ಇದ್ರ 16. ಸೇಫ್ಟಿ ಪಿನ್ನು ಒಂದ ಮುಷ್ಟಿಗೊಂದು. ಪಿನ್ನಿನ ಮ್ಯಾಲ ಸೂಜಿ ಹೊಡಸಬ್ಯಾಡ ಮತ್ತ.

— ಸೂಜಿ ಮುರಿದರೆ?

— ಮುರದ ತುಂಡೆಲ್ಲಾ ಸಿಗೂತನಕ ಏಳಬಾರದು. ಫ್ಯಾಕ್ಟರಿಯೊಳಗ ಇದು ಭಾಳ ಕಟ್ಟುನಿಟ್ಟು. ಸೂಜಿ ಮುರದ್ರ ಎಲ್ಲಾ ಚೂರು ಹುಡುಕಿ ತಂದು ಕಾಗದದ ಮ್ಯಾಲ ಟೇಪ್ ಹಚ್ಚಿ, ಕೂಡಿಸಿ ತೋರಿಸಿದ್ರನ ಹೊಸಾ ಸೂಜಿ ಕೊಡೂದು. ಚೂರು ಸಿಗಲಿಲ್ಲಂದ್ರ ಆ ಬಂಡಲ್ ಮುಂದ ಹೋಗೂದಿಲ್ಲ. ಮನ್ಯಾಗೂ ಹಂಗ ಮಾಡು. ಕೂಡೂಮುಂದ ಸೂಜಿ ಎಣಸು, ಏಳೂಮುಂದ ಎಣಸು. ಕೂಸಿನ ಕೌದಿ ಮುಗದ ಮ್ಯಾಲ ಅಯಸ್ಕಾಂತ ತಗೊಂಡು ಎರಡೂ ಮಗ್ಗಲಿಗೆ ಕೈಯಾಡಿಸಬೇಕ.

— ಕೂಸಿನ ಕೌದಿಗೆ ಬೇರೇನು ನೋಡಬೇಕು?

— ಗುಂಡಿ, ಕನ್ನಡಿ, ಟಿಕಳಿ ಏನೂ ಹಚ್ಚಬಾರದು. ತೆಳುವ ಮಾಡು, ಕೆಳಗ ಹಾಸಾಕ ಅಷ್ಟ. ಮಲಗಿದ ಸಣ್ಣ ಕೂಸಿನ ಮಾರಿ ಮ್ಯಾಲ ಬರೂವಂಗ ಹೊದಸಬಾರದು. ದೊಡ್ಡವರ ಕೌದೀನೂ ಈ ಊರಿಗೆ ತೆಳುವನ ಮಾಡಬೇಕ ತಂಗಿ. ನಮ್ಮ ಊರಾಗ ಮಾನೌಮಿ ಮುಂದ ಮನಿ ಹಾಸಿಗಿ ಹೊದಿಕಿ ಎಲ್ಲಾ ಹಳ್ಳಕ್ಕ ಒಯ್ದು ಒಗೀತಿದ್ವಿ. ಬಂಡಿಗಲ್ಲಿನ ಮ್ಯಾಲ ಬಡದು ಅಲ್ಲೆ ಒಣ ಹಾಕೂದು. ಇಲ್ಲಿ ಒಂದ ಖೋಲಿ, ಬಕೀಟಿನ ನೀರು. ಐದ ಪದರದ ಕೌದಿ ಒದ್ದಿ ಆದ್ರ ಇಬ್ಬರು ಎತ್ತಬೇಕ.

— ನಮ್ಮ ಅಪಾರ್ಟ್‌ಮೆಂಟಲ್ಲೂ ಅಷ್ಟೇ. ಬಾಲ್ಕನಿಯಲ್ಲಿ ಬಟ್ಟೆ ಹರವಬೇಡಿ ಅಂತಾರೆ, ಮಷಿನ್ನಿಗೆ ತುಂಬಿದರೆ ತಿರುಗೋದೇ ಇಲ್ಲ.

— ದಪ್ಪಂದು ಒಂದರ ಬದಲಿ ತೆಳುವಂದು ಎರಡು ಹಾಕು. ಒಂದ ಪದರ ಸೀರಿ, ಒಂದ ಪದರ ಧೋತರ, ಮ್ಯಾಲ ತುಂಡು. ಡಿಸೆಂಬರಿನ ಥಂಡಿಗೆ ಎರಡೂ ಹೊದ್ದರಾತು. ಉಳದ ತಿಂಗಳು ಒಂದ ಸಾಕು. ಬ್ಯಾರೆ ಬ್ಯಾರೆ ಒಗೀಬಹುದು, ಬ್ಯಾರೆ ಬ್ಯಾರೆ ಒಣಗತಾವ.

— ನಿಮ್ಮ ಚೂರಿನ ಚೀಲ ನೋಡಿದರೆ ಒಂದು ನೆನಪಾಗತ್ತೆ ಅಕ್ಕಾ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಅಂತ ಒಂದು ಊರಿದೆ. ಅಲ್ಲಿನ ಮತ್ತು ಸುತ್ತಲಿನ ಊರುಗಳ ಕಪ್ಪು ಹೆಂಗಸರು 1966ರಲ್ಲಿ ಕ್ವಿಲ್ಟಿನ ಸಹಕಾರ ಸಂಘ ಮಾಡಿಕೊಂಡರು, ಫ್ರೀಡಂ ಕ್ವಿಲ್ಟಿಂಗ್ ಬೀ ಅಂತ. 1972ರಲ್ಲಿ ಸಿಯರ್ಸ್ ಅನ್ನೋ ದೊಡ್ಡ ಕಂಪನಿ ಅವರಿಗೆ ಕಾರ್ಡುರಾಯ್ ದಿಂಬಿನ ಕವಚ ಹೊಲಿಯೋ ಆರ್ಡರ್ ಕೊಟ್ಟಿತು. ಆರ್ಡರಿನ ಕವಚ ಎಲ್ಲಾ ಒಂದೇ ಅಳತೆ, ಒಂದೇ ನಮೂನೆ. ಉಳಿದ ಚೂರನ್ನ ಮನೆಗೆ ತಂದು ತಮಗೆ ಬೇಕಾದ ಹಾಗೆ ಹೊಲಿದುಕೊಂಡರು. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಜೀಸ್ ಬೆಂಡಿನ ಕ್ವಿಲ್ಟುಗಳನ್ನ ಗೋಡೆಗೆ ತೂಗುಹಾಕಿತು. ಅದರಲ್ಲಿ ಆ ಚೂರಿನವೂ ಇದ್ದವು.

— ಆ ಹೆಣ್ಮಕ್ಕಳ ಜೀವ ನನಗ ಗೊತ್ತಾಗತೈತಿ. ದಿನಾ ನಾ ಕಾಲರ್ ಕೂಡಸತೀನಿ. ಬರೇ ಕಾಲರ್. ತೋಳು ಒಬ್ಬಾಕಿ, ಕಾಜಾ ಒಬ್ಬಾಕಿ, ಗುಂಡಿ ಒಬ್ಬಾಕಿ. ಪೂರಾ ಅಂಗಿ ನಾ ಹೊಲದಿಲ್ಲ, ನೋಡೂದೂ ಇಲ್ಲ, ಅದು ಪ್ಯಾಕಿಂಗಿಗೆ ಹೋಗಿಬಿಡತೈತಿ. ಕೌದಿ ಒಂದ ನೋಡು, ಮೊದಲಿನ ತುಂಡಿಂದ ಕಡೀ ಗಂಟಿನ ತನಕ ನಂದ.

ಅಂಚು ಕಟ್ಟುವ ಮಾತು ಬೇಗ ಮುಗಿಯಿತು. ಹುಡುಗಿ ಎರಡೂವರೆ ಇಂಚಿನ ಪಟ್ಟಿಯನ್ನು ಉದ್ದಕ್ಕೆ ಮಡಚಿ ಹಚ್ಚುವ ಕ್ರಮ ತೋರಿಸಿದಳು: ಮೂಲೆಗೆ ಕಾಲಿಂಚು ಇರುವಾಗ ನಿಲ್ಲಿಸಿ, ಪಟ್ಟಿಯನ್ನು ಮೇಲಕ್ಕೊಮ್ಮೆ ಮಡಚಿ, ಮತ್ತೆ ಕೆಳಕ್ಕೆ ಮಡಚಿ, ಮುಂದಿನ ಬದಿಯನ್ನು ಮೇಲಿನಿಂದ ಹೊಲಿದರೆ ಮೂಲೆ ಓರೆ ಗೆರೆಯಾಗಿ ಚೂಪಾಗಿ ಕೂರುತ್ತದೆ. ಅಕ್ಕ ಅದನ್ನು ಎರಡು ಸಲ ಮಾಡಿಸಿ ನೋಡಿದರು, ಮೆಚ್ಚಿದರು. ತಾವು ಮಾತ್ರ ಇಳಕಲ್ ಸೀರೆಯ ಅಂಚನ್ನೇ ಕತ್ತರಿಸಿ ಪಟ್ಟಿ ಮಾಡುವುದಾಗಿ ಹೇಳಿದರು. ಒತ್ತಾಗಿ ನೇಯ್ದ ಅಂಚು, ಸೀರೆಯ ಒಡಲು ಸವೆದರೂ ಅದು ಗಟ್ಟಿಯಾಗಿ ಉಳಿದಿತ್ತು.

— ನಮ್ಮ ಟೀಮಿನವರು ಫೋಟೋ ನೋಡಿ ಕೌದಿ ಬೇಕು ಅಂತಿದ್ದಾರೆ ಅಕ್ಕಾ. ಹಳೆ ಬಟ್ಟೆ ತಾನೇ, ದಾರದ ಖರ್ಚು ತಾನೇ ಅಂತ ತುಂಬ ಕಡಿಮೆ ಬೆಲೆಗೆ ಕೇಳ್ತಾರೆ. ಏನು ಹೇಳಲಿ?

— ಫ್ಯಾಕ್ಟರಿಯವರು ಹೇಳೂವಂಗ ಹೇಳು. ನಮ್ಮಲ್ಲೆ ಐ.ಇ., ಅಂದ್ರ ಇಂಡಸ್ಟ್ರಿಯಲ್ ಎಂಜಿನಿಯರ್, ಅಂತ ಒಬ್ಬ ಗಡಿಯಾರ ಹಿಡಕೊಂಡು ಬಂದು ಹಿಂದ ನಿಲ್ಲತಾನ. ಒಂದ ಕಾಲರಿಗೆ ಎಷ್ಟ ನಿಮಿಷ, ಒಂದ ಅಂಗಿಗೆ ಎಷ್ಟ ನಿಮಿಷ, ಎಲ್ಲಾ ಬರಕೋತಾನ. ಎಸ್‌ಎಎಂ (ಸ್ಟ್ಯಾಂಡರ್ಡ್ ಅಲೌಡ್ ಮಿನಿಟ್) ಅಂತಾರ ಅದಕ್ಕ. ಅದರ ಮ್ಯಾಲನ ನಮ್ಮ ಟಾರ್ಗೆಟ್ಟು. ಕೌದಿಗೂ ಎಸ್‌ಎಎಂ ತಗಿ.

— ಕೌದಿಗೆ ಎಸ್‌ಎಎಂ! ತಡೀರಿ, ಬರೆದುಕೊಳ್ತೀನಿ. 5 ಅಡಿ ಅಗಲ, 7 ಅಡಿ ಉದ್ದ ಅಂದುಕೊಳ್ಳೋಣ. ಅರ್ಧ ಇಂಚಿಗೊಂದು ಸಾಲು. ಅಗಲ 60 ಇಂಚು, ಅಂದರೆ 120 ಸಾಲು.

— ಸುತ್ತ ಹೊಲದ್ರೂ ಒಟ್ಟು ಉದ್ದ ಅಷ್ಟ ಬರತೈತಿ. ಏಳ ಅಡಿ ಸಾಲಿಗೆ ನನಗ 25 ನಿಮಿಷ ಹಿಡಿತಾವ, ದಾರ ಪೋಣಿಸೂದು ಹಿಡದು.

— 120 ಸಾಲಿಗೆ 3,000 ನಿಮಿಷ. 50 ತಾಸು. 8 ತಾಸಿನ ಪಾಳಿ ಅಂದರೆ ಆರೂಕಾಲು ಪಾಳಿ!

— ಅರಿವಿ ಆರಸೂದು, ಟಾಕಿ ಹಾಕೂದು, ಅಂಚು ಕಟ್ಟೂದು ಬ್ಯಾರೆ. ಈ ಹಾಳಿ ಅವರಿಗೆ ತೋರಸು. ನಿಮ್ಮ ಕಂಪನಿಯೊಳಗೂ ತಾಸಿನ ಲೆಕ್ಕದಾಗನ ಬಿಲ್ ಮಾಡತಾರ ಅಂತ ನೀನ ಹೇಳಿದ್ದಿ. ಅವರಿಗೆ ತಿಳೀತೈತಿ.

— ಅಷ್ಟು ಕೊಡೋಕೆ ಆಗಲ್ಲ ಅಂದರೆ?

— ಸಣ್ಣದು ಮಾಡಿಕೊಡು. ಕೂಸಿನ ಹಾಸಿಗಿ, ಮೂರ ಅಡಿ ಚೌಕ. ಲೆಕ್ಕ ಹಾಕು.

— 36 ಇಂಚು... 72 ಸಾಲು, ಒಂದೊಂದು 3 ಅಡಿ. ಒಟ್ಟು 216 ಅಡಿ ಹೊಲಿಗೆ. ದೊಡ್ಡದಕ್ಕೆ 840 ಅಡಿ ಆಗಿತ್ತು. ಹತ್ತಿರ ಹತ್ತಿರ 13 ತಾಸು.

— 13 ತಾಸು ಅಂತ ಬರಕೋ. ಟಾಕಿಗೆ, ಅಂಚಿಗೆ ಇನ್ನೊಂದ ಮೂರ ತಾಸು ಕೂಡಸು. ದಾರದ ರೊಕ್ಕ ಬ್ಯಾರೆ ಸಾಲಿನಾಗ ಬರಿ.